ನಿಮಗೇ ಅಂತ ಬೇರೆ ಸ್ಕೀಮ್ ಇದೆಯಲ್ಲ

ಶನಿವಾರ ಕೇಳಿದ ಒಂದು ಮಾತು ಇನ್ನೂ ಕಿವಿ ಬಿಟ್ಟು ಹೋಗಿಲ್ಲ.

"ನಿಮಗೇ ಅಂತ ಬೇರೆ ಸ್ಕೀಮ್ ಇದೆಯಲ್ಲ. ಅದಕ್ಕೇ ಹಾಕ್ಬಹುದಿತ್ತಲ್ವಾ?"

ಕೇಳಿದವರು ಹೆಸರು ಮಾಡಿದ ಹಿರಿಯ ಪ್ರೊಫೆಸರ್. ಕೇಳಿಸಿಕೊಂಡವರು ರಾಜ್ಯ ವಿಶ್ವವಿದ್ಯಾಲಯವೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಯುವ ಮೇಷ್ಟ್ರು. ಪಾವಗಡ ಕಡೆಯವರು, ದಲಿತ ಕುಟುಂಬದವರು, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಕೆಲಸಕ್ಕೆ ಸೇರಿ ಎರಡು ವರ್ಷವೂ ತುಂಬಿಲ್ಲ.

ಅದು ನಿಜವಾದ ಸಂದರ್ಶನವೇನೂ ಅಲ್ಲ. ರಿಟೈರ್ ಆದ ನಾವು ಕೆಲವರು ಸೇರಿಕೊಂಡು, ಪರಿಶಿಷ್ಟ ಜಾತಿ, ಪಂಗಡಗಳ ಹೊಸ ಅಧ್ಯಾಪಕರಿಗೆ ಪ್ರಾಜೆಕ್ಟ್ ಪ್ರಪೋಸಲ್, ಅಂದರೆ ಸಂಶೋಧನೆಗೆ ಹಣ ಕೇಳುವ ಅರ್ಜಿ, ಬರೆಯಲು ನೆರವಾಗುತ್ತೇವೆ. ಕೊನೆಗೊಂದು ದಿನ ತಜ್ಞರ ಸಮಿತಿಯ ಥರ ಕೂತು ಪ್ರಶ್ನೆ ಕೇಳುತ್ತೇವೆ, ಅಭ್ಯಾಸ ಆಗಲಿ ಅಂತ. ಆ ಪ್ರೊಫೆಸರ್ ಒಂದು ರೂಪಾಯಿ ತೆಗೆದುಕೊಳ್ಳದೆ, ಸ್ವಂತ ಖರ್ಚಿನಲ್ಲಿ ಬಂದಿದ್ದರು. ಕೆಟ್ಟವರಲ್ಲ. ಅದಕ್ಕೇ ಆ ಮಾತು ಇನ್ನೂ ಜಾಸ್ತಿ ಚುಚ್ಚಿತು.

ಆಗ ಪರದೆ ಮೇಲೆ ಇದ್ದದ್ದು ಒಂದು ಗ್ರಾಫ್. ಬೋರ್‌ವೆಲ್ ನೀರನ್ನು ಮೇಷ್ಟ್ರು ತಾವೇ ಮಾಡಿದ ಪುಡಿ ತುಂಬಿದ ಕೊಳವೆಯಲ್ಲಿ ಹಾಯಿಸಿದ್ದರು. ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಪರವಾಗಿಲ್ಲ ಅನ್ನುತ್ತದೆ ಭಾರತೀಯ ಮಾನಕ. ಅವರ ಊರಿನ ನೀರು ಆ ಗೆರೆ ದಾಟಿತ್ತು. ಕೊಳವೆಯಿಂದ ಹೊರಬಂದ ನೀರು 1ಕ್ಕಿಂತ ಕೆಳಗಿತ್ತು. ಒಂದಷ್ಟು ಹೊತ್ತು ಹಾಗೇ ಕೆಳಗಿದ್ದು, ಆಮೇಲೆ ಗೆರೆ ಮತ್ತೆ ಮೇಲೆ ಹತ್ತಿತ್ತು. ಪುಡಿಯ ಶಕ್ತಿ ಮುಗಿದಿತ್ತು. ಮೇಲೆ ಹತ್ತುವ ಆ ಜಾಗಕ್ಕೆ ಅವರು ಕೆಂಪು ಬಣ್ಣದಲ್ಲಿ ಒಂದು ಸುತ್ತು ಹಾಕಿ, "ನನ್ನ ಪ್ರಶ್ನೆ ಇಲ್ಲಿಂದ ಶುರು" ಅಂದರು.

ನಾನು ನೆಟ್ಟಗೆ ಕೂತೆ. ಫ್ಲೋರೈಡ್ ತೆಗೆಯುವ ಪೇಪರ್‌ಗಳನ್ನು ಬೇಕಾದಷ್ಟು ಓದಿದ್ದೇನೆ. ಬಹುತೇಕ ಎಲ್ಲರೂ ಇಳಿದದ್ದನ್ನು ತೋರಿಸಿ ಚಪ್ಪಾಳೆ ನಿರೀಕ್ಷಿಸುತ್ತಾರೆ. ಈ ಮೇಷ್ಟ್ರು ಏರಿದ್ದನ್ನು ತೋರಿಸುತ್ತಿದ್ದರು. ಸತ್ತ ಪುಡಿಯನ್ನು ಊರಲ್ಲೇ ಸಿಗುವ ವಸ್ತುವಿನಿಂದ ಮತ್ತೆ ಕೆಲಸಕ್ಕೆ ಹಚ್ಚೋದು ಹೇಗೆ? ಅದರಿಂದ ಬಿಟ್ಟ ಫ್ಲೋರೈಡ್ ಎಲ್ಲಿಗೆ ಹೋಗುತ್ತೆ? ಚರಂಡಿಗೆ ಚೆಲ್ಲಿದರೆ ವಾಪಸ್ ನೆಲಕ್ಕೇ ಇಳಿಯುತ್ತಲ್ವಾ? ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿದ್ದು, ದೊಡ್ಡವರ ಕೀಲು ಮೂಳೆ ಬಿಗಿದುಕೊಂಡದ್ದು ನೋಡುತ್ತಾ ಬೆಳೆದವರಿಗೆ ಹೊಳೆಯುವ ಪ್ರಶ್ನೆ ಇದು.

ಆ ಕೆಂಪು ಸುತ್ತು ಪರದೆ ಮೇಲೆ ಇರುವಾಗಲೇ ಪ್ರೊಫೆಸರ್ ಸ್ಕೀಮಿನ ಮಾತೆತ್ತಿದರು. ಮೇಷ್ಟ್ರು ಒಂದು ಸಲ ಪರದೆ ಕಡೆ ನೋಡಿದರು. "ಹೂಂ ಸರ್, ಅದಕ್ಕೂ ಹಾಕ್ತೀನಿ" ಅಂದು ಮುಂದಿನ ಸ್ಲೈಡಿಗೆ ಹೋಗಿಬಿಟ್ಟರು. ದನಿ ಏರಲಿಲ್ಲ, ಮುಖ ಬಾಡಲಿಲ್ಲ. ಇಂಥ ಮಾತು ಅವರಿಗೆ ಹೊಸದಲ್ಲ ಅಂತ ಆಗ ಗೊತ್ತಾಯಿತು. ನಾನು ತಡೆದೆ. "ಹಿಂದಿನ ಸ್ಲೈಡಿಗೇ ಹೋಗಿ, ಅದರ ಬಗ್ಗೆ ಕೇಳೋದಿದೆ" ಎಂದೆ.

ಊಟದ ಹೊತ್ತಿಗೆ ಪ್ರೊಫೆಸರ್ ಜೊತೆ ವಾದವೇ ಆಯಿತು. "ಅವರ ಒಳ್ಳೇದಕ್ಕೇ ಹೇಳಿದ್ದು ಮೇಡಂ. ಅಲ್ಲಿ ಪೈಪೋಟಿ ಕಮ್ಮಿ" ಅಂದರು. ಮೇಷ್ಟ್ರು ಅರ್ಜಿ ಸಿದ್ಧ ಮಾಡುತ್ತಿದ್ದದ್ದು ಸಂಶೋಧನೆಗೆ ಹಣ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಎಎನ್‌ಆರ್‌ಎಫ್‌ನ ಪ್ರೈಮ್ ಮಿನಿಸ್ಟರ್ ಅರ್ಲಿ ಕೆರಿಯರ್ ರಿಸರ್ಚ್ ಗ್ರ್ಯಾಂಟ್‌ಗೆ. ಹೊಸ ಅಧ್ಯಾಪಕರು ಯಾರು ಬೇಕಾದರೂ ಹಾಕಬಹುದಾದದ್ದು. ಪರಿಶಿಷ್ಟರಿಗೆ ಅಂತಲೇ ಬೇರೆ ಇರುವುದೂ ನಿಜ. ಇದಕ್ಕೂ ಮೊದಲು ಹಣ ಕೊಡುತ್ತಿದ್ದ ಸರ್ಬ್ ಸಂಸ್ಥೆಯ ಕಾಲದಲ್ಲಿ ಅದನ್ನು ಇಇಕ್ಯೂ ಅನ್ನುತ್ತಿದ್ದರು, ಈಗ ಇನ್‌ಕ್ಲೂಸಿವಿಟಿ ರಿಸರ್ಚ್ ಗ್ರ್ಯಾಂಟ್. ಬೇಕೇ ಬೇಕಾದ ಯೋಜನೆ, ಅದನ್ನು ಮುಟ್ಟಬಾರದು. ಆದರೆ ಅದು ಬಂದದ್ದು ಇನ್ನೊಂದು ದಾರಿ ಇರಲಿ ಅಂತ. ಮೊದಲಿದ್ದ ದಾರಿಯಲ್ಲಿ ನೀವು ಬರಬೇಡಿ ಅನ್ನೋಕಲ್ಲ. ಇದನ್ನೇ ಹೇಳಿದೆ. ಅವರು ಸುಮ್ಮನೆ ಮೊಸರನ್ನ ಕಲಸುತ್ತಿದ್ದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಎಲ್ಲರಿಗೂ ತೆರೆದ ಸ್ಪರ್ಧೆಯಲ್ಲಿ ಯಾರು ಗೆಲ್ಲುತ್ತಿದ್ದಾರೆ ಅಂತ ಒಮ್ಮೆ ನೋಡಿ. 2023ರ ಜನವರಿಯಲ್ಲಿ ನೇಚರ್ ಪತ್ರಿಕೆ ಭಾರತದ ವಿಜ್ಞಾನದಲ್ಲಿ ಜಾತಿಯ ಲೆಕ್ಕ ಪ್ರಕಟಿಸಿತ್ತು. 2016ರಿಂದ 2020ರವರೆಗೆ, ಯುವ ವಿಜ್ಞಾನಿಗಳಿಗೆ ಕೇಂದ್ರ ಸರ್ಕಾರ ಕೊಡುವ ಇನ್‌ಸ್ಪೈರ್ ಫ್ಯಾಕಲ್ಟಿ ಫೆಲೋಶಿಪ್ ಪಡೆದವರಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ 6. ಪರಿಶಿಷ್ಟ ಪಂಗಡದವರು ನೂರಕ್ಕೆ ಒಬ್ಬರೂ ಇಲ್ಲ. ಆ ಅಂಕಿಯನ್ನು ಮೊದಲು ನೋಡಿದಾಗ ರಾತ್ರಿ ನಿದ್ದೆ ಬರಲಿಲ್ಲ.

ಅಮೆರಿಕದಲ್ಲೂ ಇದೇ ಕಥೆ. ಅಲ್ಲಿ ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಸರ್ಕಾರಿ ಸಂಸ್ಥೆ ಎನ್‌ಐಎಚ್‌ಗೆ 2000ದಿಂದ 2006ರವರೆಗೆ ಬಂದ ಅರ್ಜಿಗಳನ್ನು ಪರಿಶೀಲಿಸಿ 2011ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ವರದಿ ಬಂತು. ಓದು, ತರಬೇತಿ, ಪ್ರಕಟಣೆ ಎಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಕಪ್ಪು ವಿಜ್ಞಾನಿಗಳಿಗೆ ಹಣ ಸಿಗುವ ಸಾಧ್ಯತೆ ಬಿಳಿಯರಿಗಿಂತ 10 ಶೇಕಡಾವಾರು ಅಂಶದಷ್ಟು ಕಡಿಮೆ ಇತ್ತು. 2019ರ ಇನ್ನೊಂದು ಅಧ್ಯಯನ ಅದಕ್ಕೆ ಒಂದು ಕಾರಣ ಹುಡುಕಿತು. ಅವರು ಆರಿಸಿಕೊಳ್ಳುತ್ತಿದ್ದ ವಿಷಯಗಳು. ಸಮುದಾಯದ ಆರೋಗ್ಯದಂಥ, ಜನರ ನಡುವೆ ಹೋಗಿ ಮಾಡುವ ಕೆಲಸಗಳಿಗೆ ಅವರು ಜಾಸ್ತಿ ಅರ್ಜಿ ಹಾಕುತ್ತಿದ್ದರು. ಅಂಥ ವಿಷಯಕ್ಕೆ ಹಣ ಸಿಗುವುದೇ ಕಡಿಮೆ. ಪಾವಗಡದ ನೀರಿನ ಪ್ರಸ್ತಾಪ ನೋಡಿ ನಮ್ಮ ಸಮಿತಿಯಲ್ಲೇ ಇನ್ನೊಬ್ಬರು "ಸ್ವಲ್ಪ ಲೋಕಲ್ ಆಯ್ತೇನೋ" ಅಂದಾಗ ನನಗೆ ಅದೇ ನೆನಪಾಯಿತು. ನೀರು ಲೋಕಲ್ ಆಗಿರದೆ ಇನ್ನೇನಾಗಿರುತ್ತೆ? ಕೊಳವೆಯೊಳಗೆ ನಡೆಯೋ ರಸಾಯನಶಾಸ್ತ್ರಕ್ಕೆ ಊರು ಅಂತ ಇದೆಯಾ?

ನಮ್ಮಿಂದ ಆಗುವ ಸಹಾಯ ತೀರಾ ಸಣ್ಣ ಸಣ್ಣ ಸಂಗತಿಗಳದ್ದು. ಮೇಷ್ಟ್ರ ಬಜೆಟ್ ಪುಟವನ್ನೇ ತೆಗೆದುಕೊಳ್ಳಿ. 60 ಲಕ್ಷದವರೆಗೆ ಕೇಳಬಹುದಾದ ಕಡೆ ಅವರು ಕೇಳಿದ್ದು 9 ಲಕ್ಷ. ರಿಸರ್ಚ್ ಫೆಲೋ ಅನ್ನುವ ಸಾಲಿನಲ್ಲಿ ಸೊನ್ನೆ. ಯಾಕೆ ಅಂತ ಕೇಳಿದರೆ, "ಕೆಲಸ ನಾನೇ ಮಾಡ್ಕೋತೀನಿ ಮೇಡಂ. ಜಾಸ್ತಿ ಕೇಳಿದ್ರೆ ಕೊಡಲ್ಲ ಅಂದ್ರು ನಮ್ ಡಿಪಾರ್ಟ್‌ಮೆಂಟಲ್ಲಿ" ಅಂದರು.

ವಾರಕ್ಕೆ 16 ಗಂಟೆ ಪಾಠ ಅಂತ ಯುಜಿಸಿ ಲೆಕ್ಕ. ಹುದ್ದೆ ಖಾಲಿ ಬಿದ್ದಿರುವ ವಿಭಾಗದಲ್ಲಿ ಅದು 16ಕ್ಕೆ ನಿಲ್ಲುವುದಿಲ್ಲ. ಅದರ ಮೇಲೆ ಪರೀಕ್ಷೆ, ಮೌಲ್ಯಮಾಪನ, ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ನ ಫೈಲು. ಮೂರು ವರ್ಷದ ಪ್ರಯೋಗ ಒಬ್ಬರೇ ಮಾಡುತ್ತೇನೆ ಅಂದರೆ ಪ್ರಪೋಸಲ್ ಓದುವ ತಜ್ಞರು ನಂಬೋದಿಲ್ಲ. ಲೆಕ್ಕ ಹಾಕಿ ತೋರಿಸಿದೆ. ಜೂನಿಯರ್ ರಿಸರ್ಚ್ ಫೆಲೋಗೆ (ಜೆಆರ್‌ಎಫ್) ತಿಂಗಳಿಗೆ 37,000, ಮೂರನೇ ವರ್ಷ ಸೀನಿಯರ್ (ಎಸ್‌ಆರ್‌ಎಫ್) ಆದ ಮೇಲೆ 42,000. ಮನೆ ಬಾಡಿಗೆ ಭತ್ಯೆ ಬಿಟ್ಟೇ ಸುಮಾರು 14 ಲಕ್ಷ. ಅದು ನಿಮ್ಮ ಊರಿನ ಕಡೆಯ ಒಂದು ಹುಡುಗಿಗೋ ಹುಡುಗನಿಗೋ ಸಿಗುವ ಸಂಬಳ ಎಂದೆ. ಆಮೇಲೆ ಪೆನ್ನು ತೆಗೆದರು.

ಕಮ್ಮಿ ಕೇಳಿದರೆ ವಿನಯ ಅಂತ ಯಾರೂ ಅಂದುಕೊಳ್ಳುವುದಿಲ್ಲ, ಕೆಲಸದ ಅಂದಾಜು ಇಲ್ಲ ಅಂದುಕೊಳ್ಳುತ್ತಾರೆ. ಇದನ್ನು ಯಾವ ಮಾರ್ಗಸೂಚಿಯಲ್ಲೂ ಬರೆದಿರುವುದಿಲ್ಲ. ದೊಡ್ಡ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡಿದವರಿಗೆ ಇದು ಕೂತಲ್ಲೇ ಗೊತ್ತಾಗುತ್ತೆ. ಗೈಡ್ ಬರೆದ ಪ್ರಪೋಸಲ್ ಪಕ್ಕದ ಕಂಪ್ಯೂಟರಲ್ಲೇ ಇರುತ್ತೆ, ಬಂದ ಟೀಕೆ ಟೀ ಕುಡಿಯುವಾಗ ಚರ್ಚೆ ಆಗುತ್ತೆ. ಈ ಮೇಷ್ಟ್ರು ಮಂಜೂರಾದ ಒಂದು ಪ್ರಪೋಸಲನ್ನೂ ಕಣ್ಣಾರೆ ನೋಡಿರಲಿಲ್ಲ. ಬೇರೆ ಸಂಸ್ಥೆಯ ಉಪಕರಣವನ್ನು ಐ-ಸ್ಟೆಮ್ ಪೋರ್ಟಲಿನಲ್ಲಿ ಬುಕ್ ಮಾಡಿ ಸ್ಯಾಂಪಲ್ ಅಳೆಸಬಹುದು ಅಂತಲೂ ಯಾರೂ ಹೇಳಿರಲಿಲ್ಲ. 2020ರಿಂದ ಅದು ಇದೆ, ನಡೆಸುವುದು ಬೆಂಗಳೂರಿನ ಐಐಎಸ್‌ಸಿಯಿಂದ. ಬುದ್ಧಿವಂತಿಕೆಯಲ್ಲಿ ಏನೂ ಕೊರತೆ ಇಲ್ಲ. ಗುಟ್ಟು ಹೇಳುವವರು ಇರಲಿಲ್ಲ, ಅಷ್ಟೇ. ಅದನ್ನು ನಾವು ಪ್ರತಿಭೆಯ ವ್ಯತ್ಯಾಸ ಅಂದುಕೊಂಡು ಆರಾಮಾಗಿ ಇದ್ದೇವೆ. ನನಗೆ ಸಿಟ್ಟು ಬರುವುದು ಇಲ್ಲೇ.

ಸೋಮವಾರ ಪ್ರೊಫೆಸರ್‌ಗೆ ಫೋನ್ ಮಾಡಿದೆ. ಬೇರೆ ಸ್ಕೀಮಿನ ಮಾತು ಮತ್ತೆ ಎತ್ತಲಿಲ್ಲ. ನಿಮಗೆ ಮಂಜೂರಾದ ಹಳೆಯ ಪ್ರಪೋಸಲ್‌ಗಳನ್ನು ಈ ಮಕ್ಕಳಿಗೆ ಓದಲು ಕೊಡಿ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ರಿಜೆಕ್ಟ್ ಆಗಿದ್ದೂ ಕೊಡ್ಲಾ?" ಅಂತ ಕೇಳಿದರು. ಸಂಜೆಗೆ ಎರಡೂ ಬಂದವು, ತಜ್ಞರ ಟೀಕೆ ಸಮೇತ. ಅವತ್ತೇ ಮೇಷ್ಟ್ರಿಗೆ ಕಳಿಸಿದೆ.

ಇದನ್ನು ಓದುತ್ತಿರುವವರಲ್ಲಿ ಪ್ರಾಜೆಕ್ಟ್ ಪಡೆದವರು ಇದ್ದೇ ಇರುತ್ತೀರಿ. ನಿಮ್ಮ ಹತ್ತಿರದ ರಾಜ್ಯ ವಿಶ್ವವಿದ್ಯಾಲಯದಲ್ಲಿ, ಸರ್ಕಾರಿ ಕಾಲೇಜಿನಲ್ಲಿ ಹೊಸದಾಗಿ ಸೇರಿದವರು ಯಾರಿದ್ದಾರೆ ವಿಚಾರಿಸಿ. ನಿಮ್ಮ ಪ್ರಪೋಸಲ್ ಅವರಿಗೆ ಕೊಡಿ. ಬಜೆಟ್ ಪುಟ ಕಿತ್ತಿಟ್ಟುಕೊಳ್ಳಬೇಡಿ, ಅದನ್ನೂ ಕೊಡಿ.