ವರ್ಚುವಲ್ ಡಿಸ್ಕಿನ ಎರರ್ ಕೋಡ್ ದಾರಿಯಲ್ಲಿ ಕಳೆದುಹೋಗುವ ಬಗೆ

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವವರಿಗೆ ಲಿನಕ್ಸ್ ಡ್ರೈವರ್‌ಗಳನ್ನು ಹೇಳಿಕೊಡುವಾಗ ನಾನು ತಪ್ಪದೆ ಮಾಡಿಸುವ ಪ್ರಯೋಗವೊಂದಿದೆ. 40 ಜಿಬಿ ಎಂದು ಗಾತ್ರ ಕೊಟ್ಟ, ಬರೆದಷ್ಟೇ ಬೆಳೆಯುವ ಇಮೇಜ್ ಫೈಲನ್ನು ಚಿಕ್ಕದೊಂದು ಪಾರ್ಟಿಷನ್ನಿನಲ್ಲಿ ಇಟ್ಟು, ಬರೆಯುವಾಗ ದೋಷ ಬಂದರೆ ಒಳಗಿನ ವರ್ಚುವಲ್ ಮಷೀನಿಗೆ, ಅಂದರೆ ಗೆಸ್ಟ್‌ಗೇ ತಿಳಿಸಬೇಕೆಂದು, ವರ್ಚುವಲ್ ಮಷೀನುಗಳನ್ನು ನಡೆಸುವ ತಂತ್ರಾಂಶವಾದ ಕ್ಯೂಎಮು‌ಗೆ ಹೇಳಿ, ವರ್ಚುವಲ್ ಮಷೀನಿನೊಳಗಿನಿಂದ ಆ ಡಿಸ್ಕನ್ನು ತುಂಬಿಸುತ್ತಾ ಹೋಗಬೇಕು. ಸ್ವಲ್ಪ ಹೊತ್ತಿಗೆ ಕರ್ನಲ್ ಲಾಗಿನಲ್ಲಿ ‘ಐ/ಒ ಎರರ್’ ಎಂಬ ಸಾಲು, ಪಕ್ಕದಲ್ಲಿ ವಿಡಿಎ ಎಂಬ ಡಿಸ್ಕಿನ ಹೆಸರು ಮತ್ತು ಸೆಕ್ಟರ್ ಸಂಖ್ಯೆ ಕಾಣುತ್ತವೆ. “ಡಿಸ್ಕ್ ಕೆಟ್ಟಿದೆ ಸರ್” ಎನ್ನುತ್ತಾರೆ ಹುಡುಗರು. ಗೆಸ್ಟ್‌ನ ಲೆಕ್ಕದಲ್ಲಿ ಜಾಗ ಇನ್ನೂ ಧಾರಾಳವಾಗಿರುವುದರಿಂದ ಅವರ ಊಹೆ ಸಹಜವೇ.

ಹೋಸ್ಟ್‌ನಲ್ಲಿ (ವರ್ಚುವಲ್ ಮಷೀನನ್ನು ನಡೆಸುವ ಕಂಪ್ಯೂಟರಿನಲ್ಲಿ) ಬಂದದ್ದು 28ನೇ ಕೋಡ್, ಅಂದರೆ ಜಾಗ ಮುಗಿದಿದೆ. ಆದರೆ ವರ್ಟಿಯೋ ಬ್ಲಾಕ್ ಸಾಧನ (ಗೆಸ್ಟ್‌ಗೆ ಡಿಸ್ಕಾಗಿ ಕಾಣುವ ವರ್ಚುವಲ್ ಸಾಧನ) ಪ್ರತಿ ಕೋರಿಕೆಯ ಕೊನೆಗೆ ಉತ್ತರವಾಗಿ ಬರೆಯುವುದು ಒಂದೇ ಒಂದು ಬೈಟ್: 0 ಎಂದರೆ ಆಯಿತು, 1 ಎಂದರೆ ದೋಷ, 2 ಎಂದರೆ ಈ ಕೆಲಸ ನನಗೆ ಬರುವುದಿಲ್ಲ. ಜಾಗ ಮುಗಿದರೂ 1, ನಿಜವಾಗಿ ಡಿಸ್ಕ್ ಕೆಟ್ಟರೂ 1. ಗೆಸ್ಟ್‌ನ ಡ್ರೈವರ್ ಅದನ್ನು 5ನೇ ಕೋಡಾಗಿ, ಅಂದರೆ ‘ಐ/ಒ ಎರರ್’ ಎಂದು, ಮಾಡಿ ಮೇಲಕ್ಕೆ ಕಳಿಸುತ್ತದೆ. ಕಾರಣ ಅದಕ್ಕೇ ತಿಳಿದಿಲ್ಲವಾದ್ದರಿಂದ ಇಲ್ಲಿ ಡ್ರೈವರನ್ನು ದೂರುವುದು ನ್ಯಾಯವಲ್ಲ. ಹೊಸ ಉತ್ತರ ಸಂಖ್ಯೆಗಳು ಬೇಕೆಂದರೆ ವರ್ಟಿಯೋ ಮಾನದಂಡದಲ್ಲೇ ಅವು ಸೇರಬೇಕು, ಮತ್ತು ಹಳೆಯ ಡ್ರೈವರ್‌ಗಳು ಮುಗ್ಗರಿಸದಂತೆ ಫೀಚರ್ ಬಿಟ್ (ಯಾವ ಸೌಲಭ್ಯ ಇದೆ ಎಂದು ತಿಳಿಸುವ ಗುರುತು) ಮೂಲಕ ಎರಡೂ ಕಡೆ ಮೊದಲೇ ಒಪ್ಪಿಕೊಂಡಿರಬೇಕು. ಅಲ್ಲಿಯವರೆಗೆ ಕಾರಣವನ್ನು ಹೋಸ್ಟ್ ಕಡೆಯಲ್ಲೇ ಹುಡುಕಬೇಕು. ಕ್ಯೂಎಮು ಹೊರಡಿಸುವ ಬ್ಲಾಕ್ ಐ/ಒ ಎರರ್ ಸೂಚನೆಯಲ್ಲಿ ಜಾಗದ ಕೊರತೆಯೇ ಕಾರಣವೇ ಎಂಬ ಗುರುತು ಇರುತ್ತದೆ. ಅದನ್ನು ಲಾಗಿಗೆ ಸೇರಿಸದ ನಿರ್ವಹಣಾ ತಂತ್ರಾಂಶ ಅರ್ಧ ಕೆಲಸವನ್ನಷ್ಟೇ ಮಾಡಿದೆ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಡ್ರೈವರ್ ಬರೆಯುವವರ ಕೈಯಲ್ಲೇ ಇರುವ ದೋಷ ಬೇರೆ. ಸಾಧನವನ್ನು ಮೊದಲು ಸಿದ್ಧಪಡಿಸುವ ಪ್ರೋಬ್ ಫಂಕ್ಷನ್ನಿನಲ್ಲಿ ಕೆಳಗಿನಿಂದ ಬಂದ ಕೋಡನ್ನು ಬಿಟ್ಟು, ಅಭ್ಯಾಸಬಲದಿಂದ 22 (ತಪ್ಪು ಮೌಲ್ಯ) ಅಥವಾ 19 (ಸಾಧನವಿಲ್ಲ) ಎಂದು ಹಿಂದಿರುಗಿಸುವುದು ಇಂದಿಗೂ ಕಾಣುತ್ತದೆ. ಬಂದಿದ್ದ ಕೋಡ್ 517, ಅಂದರೆ ‘ಬೇಕಾದದ್ದು ಇನ್ನೂ ಸಿದ್ಧವಾಗಿಲ್ಲ, ಆಮೇಲೆ ಮತ್ತೆ ಪ್ರಯತ್ನಿಸು’ ಎಂದಾಗಿದ್ದರೆ, ಈ ಬದಲಾವಣೆಯಿಂದ ಕರ್ನಲ್ ಮತ್ತೆ ಪ್ರಯತ್ನಿಸುವುದೇ ಇಲ್ಲ, ಸರಿಯಾಗಿರುವ ಸಾಧನವೂ ಮೇಲೇಳುವುದಿಲ್ಲ. 2020ರ ಲಿನಕ್ಸ್ 5.9ರಲ್ಲಿ ಬಂದ ‘ಡೆವ್ ಎರ್ ಪ್ರೋಬ್’ ಎಂಬ ಫಂಕ್ಷನ್ ಇದಕ್ಕೆಂದೇ ಇದೆ: ಅದು ಕೋಡನ್ನು ಲಾಗಿನಲ್ಲಿ ಬರೆದು, ಅದೇ ಕೋಡನ್ನು ಹಾಗೆಯೇ ಹಿಂದಿರುಗಿಸುತ್ತದೆ, 517 ಆಗಿದ್ದರೆ ಲಾಗಿನಲ್ಲಿ ಗದ್ದಲವೆಬ್ಬಿಸದೆ ಕಾರಣವನ್ನು, ಕರ್ನಲ್‌ನ ದೋಷ ಹುಡುಕಲು ಇರುವ ಫೈಲ್ ವ್ಯವಸ್ಥೆಯಾದ ಡಿಬಗ್‌ಎಫ್‌ಎಸ್‌ನಲ್ಲಿ ನೋಡಲು ಸಿಗುವಂತೆ ಇಡುತ್ತದೆ.