ಸಭೆಯಲ್ಲಿ ಎಚ್‌ಐವಿ ಇರುವ ಕುಟುಂಬವಿದೆ, ಏನು ಮಾಡೋಣ?

ಪಾಸ್ಟರ್‌ಗಳು, ಫಾದರ್‌ಗಳು, ಸ್ತ್ರೀಯರ ಸಂಘದವರು ಬೇರೆ ಬೇರೆ ಮಾತಿನಲ್ಲಿ ಕೇಳುವುದು ಇದನ್ನೇ: "ನಮ್ಮ ಸಭೆಯ ಒಂದು ಮನೆಯಲ್ಲಿ ಎಚ್‌ಐವಿ ಇದೆಯಂತೆ. ಅವರಿಗೋಸ್ಕರ ಏನು ಮಾಡೋಣ?"

ಉತ್ತರಕ್ಕೆ ಮೊದಲು ನಾವೊಂದು ಕೇಳಬೇಕು. "ಇದೆಯಂತೆ" ಅಂದಿರಲ್ಲ, ನಿಮಗೆ ಹೇಳಿದ್ದು ಯಾರು? ಆ ಮನೆಯವರೇ ಬಂದು ಹೇಳಿಕೊಂಡಿದ್ದರೆ ಮುಂದೆ ಓದಿ. ಮೂರನೆಯವರ ಬಾಯಿಂದ ಬಂದಿದ್ದರೆ ಸದ್ಯಕ್ಕೆ ನಿಮ್ಮ ಕೆಲಸ ಆ ಸುದ್ದಿಯನ್ನು ನಿಮ್ಮಲ್ಲೇ ನಿಲ್ಲಿಸುವುದು, ಅಷ್ಟೇ. ಅವರ ಮನೆಗೆ ಹೋಗಿ "ನಮಗೆಲ್ಲ ಗೊತ್ತು, ಹೆದರಬೇಡಿ" ಅಂದರೆ ಅವರ ಹೆದರಿಕೆ ಶುರುವಾಗುವುದೇ ಆಗ.

ಸಭೆಗಳಲ್ಲಿ ಗುಟ್ಟು ರಟ್ಟಾಗುವುದು ಹಗೆತನದಿಂದ ಕಡಿಮೆ, ಪ್ರಾರ್ಥನಾ ವಿಷಯದಿಂದ ಹೆಚ್ಚು. "ಆ ಸಹೋದರಿಯ ವಿಶೇಷ ಕಾಯಿಲೆಗಾಗಿ ಬೇಡಿಕೊಳ್ಳೋಣ" ಎಂದರೆ ಸಾಕು, ಕಾಯಿಲೆಯ ಹೆಸರು ಹೇಳದಿದ್ದರೂ ಗುಟ್ಟು ಹೊರಬೀಳುತ್ತದೆ. ವಿಷಯ ತಿಳಿದವರು ಇಬ್ಬರು, ಹೆಚ್ಚೆಂದರೆ ಮೂವರು ಇರಲಿ. ಆ ಇಬ್ಬರು ಯಾರೆಂದು ಕುಟುಂಬವೇ ಹೇಳಲಿ. ಪಾಸ್ಟರ್ ತಮ್ಮ ಹೆಂಡತಿಗೆ ಹೇಳುವುದಕ್ಕೂ ಬೇರೆಯಾಗಿ ಒಪ್ಪಿಗೆ ಬೇಕು. (ಇದನ್ನು ಕೇಳಿ ಮುಖ ಸಿಂಡರಿಸಿಕೊಳ್ಳುವವರಿದ್ದಾರೆ. ಆದರೂ ಬೇಕು.) ಮೊದಲ ಭೇಟಿಯಲ್ಲೇ "ನಿಮ್ಮ ಮನೆಯಲ್ಲಿ ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ?" ಎಂದು ಕೇಳಿಕೊಳ್ಳಿ. ಗಂಡನಿಗೆ ಗೊತ್ತಿದ್ದು ಅತ್ತೆಗೆ ಗೊತ್ತಿಲ್ಲದ, ತಾಯಿಗೆ ಗೊತ್ತಿದ್ದು ಮಕ್ಕಳಿಗೆ ಗೊತ್ತಿಲ್ಲದ ಮನೆಗಳೇ ಹೆಚ್ಚು.

ಹಣದ ನೆರವಿಗೂ ಇದೇ ಎಚ್ಚರ ಬೇಕು. "ಎಚ್‌ಐವಿ ನಿಧಿ" ಎಂದು ಬೇರೆ ಇಟ್ಟರೆ ಲೆಕ್ಕಪತ್ರ ನೋಡಿದವರಿಗೆಲ್ಲ ಹೆಸರು ಸಿಕ್ಕಿಬಿಡುತ್ತದೆ. ಕ್ಯಾನ್ಸರ್, ಡಯಾಲಿಸಿಸ್, ಸಕ್ಕರೆ ಕಾಯಿಲೆ ಎಲ್ಲಕ್ಕೂ ಸೇರಿ ಒಂದೇ ವೈದ್ಯಕೀಯ ನಿಧಿ ಇರಲಿ. ವೋಚರ್‌ನಲ್ಲಿ ಹೆಸರಿನ ಬದಲು ಸಂಖ್ಯೆ ಬರೆಯಿರಿ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಬೇರೆ ಕಪಾಟಿನಲ್ಲಿ, ಬೀಗದೊಳಗಿರಲಿ. ಎಚ್‌ಐವಿ ಮಾತ್ರೆ ಬಹಳ ಕಡೆ ಉಚಿತವಾಗಿ ಸಿಗುತ್ತದೆ. ದುಡ್ಡು ಹೋಗುವುದು ಓಡಾಟಕ್ಕೆ, ತಪ್ಪಿದ ದಿನಗೂಲಿಗೆ. ವರ್ಷಕ್ಕೊಮ್ಮೆ ದೊಡ್ಡ ಮೂಟೆ ಕೊಟ್ಟು ಫೋಟೋ ತೆಗೆಯುವುದಕ್ಕಿಂತ, ಮಾತ್ರೆ ತರುವ ದಿನದ ಬಸ್ ಖರ್ಚನ್ನು ತಪ್ಪದೆ ಕೊಡುವುದು ಲೇಸು.

ಆ ಮಾತ್ರೆಯ ವಿಷಯ ಭೇಟಿ ಕೊಡುವವರಿಗೆ ಸರಿಯಾಗಿ ತಿಳಿದಿರಬೇಕು. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಚಿಕಿತ್ಸೆಗೆ ಎಆರ್‌ಟಿ ಎನ್ನುತ್ತಾರೆ. ಈಗ ಹೆಚ್ಚು ಬಳಕೆಯಲ್ಲಿರುವ ಎಆರ್‌ಟಿ ಮಾತ್ರೆಯಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಿಗಳು ಸೇರಿರುತ್ತವೆ. ದಿನಕ್ಕೊಂದು, ಒಂದೇ ಹೊತ್ತಿಗೆ, ಬದುಕಿರುವಷ್ಟು ಕಾಲ. ಊಟದ ಮೊದಲೋ ನಂತರವೋ ನುಂಗಬಹುದು, ಖಾಲಿ ಹೊಟ್ಟೆಯಲ್ಲೂ ಆಗುತ್ತದೆ. ಹಾಗಾಗಿ ಉಪವಾಸ ಪ್ರಾರ್ಥನೆಯ ದಿನ ಮಾತ್ರೆ ಬಿಡಲು ಕಾರಣವೇ ಇಲ್ಲ. ಒಂದು ಗುಟುಕು ನೀರಿನಿಂದ ಉಪವಾಸ ಮುರಿಯುವುದಿಲ್ಲ ಎಂದು ಪಾಸ್ಟರ್ ಎಲ್ಲ ರೋಗಿಗಳನ್ನೂ ಸೇರಿಸಿ ಮೊದಲೇ ಹೇಳಿಬಿಡಲಿ. ಇನ್ನೊಂದು, ಸಭೆಯ ಆರೋಗ್ಯ ಶಿಬಿರದಲ್ಲಿ ಹಂಚುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಮತ್ತು ಎದೆಯುರಿಯ ಆ್ಯಂಟಾಸಿಡ್ ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಇವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಎಆರ್‌ಟಿ ಮಾತ್ರೆ ನುಂಗಬೇಕು. ಕಬ್ಬಿಣ, ಕ್ಯಾಲ್ಸಿಯಂ ಆದರೆ ಊಟದ ಜೊತೆ ಒಟ್ಟಿಗೆ ತೆಗೆದುಕೊಳ್ಳಬಹುದು. ಆ್ಯಂಟಾಸಿಡ್‌ಗೆ ಆ ರಿಯಾಯಿತಿ ಇಲ್ಲ.

ಮಾತ್ರೆ ತಪ್ಪಲು ಮರೆವಿಗಿಂತ ಮನೆಯ ಪರಿಸ್ಥಿತಿಯೇ ಹೆಚ್ಚು ಕಾರಣ. ನೆಂಟರು ಬಂದಾಗ ಡಬ್ಬಿ ಬಚ್ಚಿಡುತ್ತಾರೆ, ಆಮೇಲೆ ತೆಗೆಯಲು ಸಮಯ ಸಿಗುವುದಿಲ್ಲ. "ಮಾತ್ರೆ ತಗೊಂಡ್ರಾ?" ಎಂದು ಪೊಲೀಸರಂತೆ ವಿಚಾರಿಸಿದರೆ ಹೌದು ಎಂಬ ಉತ್ತರವೇ ಬರುತ್ತದೆ. "ಕಳೆದ ವಾರ ಯಾವ ದಿನ ಕಷ್ಟವಾಯಿತು?" ಎಂದು ಕೇಳಿ, ನಿಜ ಹೊರಬರುತ್ತದೆ.

ದೊಡ್ಡ ಅಪಾಯ ಬರುವುದು ಮಾತ್ರ ಒಳ್ಳೆಯ ಸುದ್ದಿಯ ರೂಪದಲ್ಲಿ. ಚಿಕಿತ್ಸೆ ಶುರುವಾದ 6 ತಿಂಗಳಿಗೆ, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ವೈರಲ್ ಲೋಡ್ ಪರೀಕ್ಷೆ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಅಳತೆ) ಮಾಡಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚೆನ್ನಾಗಿ ಮಾತ್ರೆ ತೆಗೆದುಕೊಂಡವರ ವರದಿಯಲ್ಲಿ ವೈರಸ್ ಪತ್ತೆಯಾಗಿಲ್ಲ ಎಂದಿರುತ್ತದೆ. ಅದನ್ನು ಹಿಡಿದುಕೊಂಡು ವೇದಿಕೆಯ ಮೇಲೆ ಸಾಕ್ಷಿ: ಎಚ್‌ಐವಿ ಹೋಯಿತು! ಚಪ್ಪಾಳೆಯಾದ ಮೇಲೆ ಮಾತ್ರೆ ನುಂಗುವುದೇ ಅವಿಶ್ವಾಸದಂತೆ ಕಾಣತೊಡಗುತ್ತದೆ. ಆದರೆ ವರದಿ ಹೇಳಿದ್ದು ಬೇರೆ. ವೈರಸ್ ರಕ್ತದಲ್ಲಿ ಅಳತೆಗೆ ಸಿಗದಷ್ಟು ಇಳಿದಿದೆ. ಕೆಲವು ಜೀವಕೋಶಗಳೊಳಗೆ ನಿದ್ದೆ ಮಾಡುತ್ತಾ ಉಳಿದಿದೆ. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಮತ್ತೆ ಏಳುತ್ತದೆ. ಹಾಗೆಂದು ಆ ವರದಿ ಚಿಕ್ಕ ಸಂಗತಿಯೇನಲ್ಲ: ಪತ್ತೆಯಾಗದ ಮಟ್ಟ ಉಳಿಸಿಕೊಂಡವರಿಂದ ಲೈಂಗಿಕ ಸಂಗಾತಿಗೆ ಸೋಂಕು ದಾಟುವುದಿಲ್ಲ. ಸಭೆಯಲ್ಲಿ ಒಂದು ನಿಯಮ ಮಾಡಿಕೊಳ್ಳಿ, ವೈದ್ಯರ ಮಾತಿಲ್ಲದೆ ಯಾವ ಕಾಯಿಲೆಯ ಸ್ವಸ್ಥತೆಯ ಸಾಕ್ಷಿಗೂ ಮೈಕ್ ಇಲ್ಲ. ಉಗಾಂಡಾದ ಆಂಗ್ಲಿಕನ್ ಪಾದ್ರಿ ಗಿಡಿಯೋನ್ ಬ್ಯಾಮುಗಿಶಾ ತಮಗೆ ಎಚ್‌ಐವಿ ಇದೆಯೆಂದು 1992ರಲ್ಲಿ ಬಹಿರಂಗವಾಗಿ ಹೇಳಿದರು. ಸಾಕ್ಷಿ ಎಂದರೆ ಹಾಗೂ ಇರಬಹುದು, ಆದರೆ ಅಂಥದ್ದನ್ನು ಯಾರಿಂದಲೂ ಕೇಳಿ ಪಡೆಯಬಾರದು.

ಪ್ರಭು ಭೋಜನದ ಬಟ್ಟಲಿನ ಪ್ರಶ್ನೆ ಇನ್ನೂ ಬರುತ್ತದೆ. ಎಂಜಲಿನಿಂದ, ಕೈಕುಲುಕುವುದರಿಂದ, ದೀಕ್ಷಾಸ್ನಾನದ ನೀರಿನಿಂದ ಎಚ್‌ಐವಿ ಹರಡುವುದಿಲ್ಲ. ಒಬ್ಬರಿಗೆ ಮಾತ್ರ ಬೇರೆ ಲೋಟ ಕೊಟ್ಟರೆ ಅದು ಇಡೀ ಸಭೆಗೆ ಮಾಡಿದ ಘೋಷಣೆ. ಗಾಳಿಯಲ್ಲಿ ಹರಡುವುದು ಟಿಬಿ. ಎಚ್‌ಐವಿ ಇರುವವರಿಗೆ ಅದು ಬೇಗ ತಗಲುತ್ತದೆ. ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು, ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ ಕಳಿಸಿ. ಮನೆ ಪ್ರಾರ್ಥನೆ ನಡೆಯುವಾಗ ಕಿಟಕಿ ತೆರೆದಿಡಿ.

ಬಸುರಿಯರ ವಿಷಯದಲ್ಲಿ ಸ್ತ್ರೀಯರ ಸಂಘದ ಅಕ್ಕರೆಯೇ ಕೆಲವೊಮ್ಮೆ ಮುಳುವಾಗುತ್ತದೆ. ಏನೂ ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ. 15ರಿಂದ 45. ತಾಯಿ ಮಾತ್ರೆ ತಪ್ಪಿಸದೆ, ಮಗುವಿಗೂ ಔಷಧಿ ಕೊಟ್ಟರೆ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಆಮೇಲೆ ಯಾರೋ ಕನಿಕರದಿಂದ ಹಾಲಿನ ಪುಡಿ ಡಬ್ಬಿ ತಂದುಕೊಡುತ್ತಾರೆ. ತಾಯಿ ಎದೆಹಾಲೂ ಕೊಟ್ಟು ಪುಡಿಯ ಹಾಲೂ ಕುಡಿಸಿದರೆ, ಅದರಲ್ಲೂ ಮೊದಲ 6 ತಿಂಗಳಲ್ಲಿ, ಬರೀ ಎದೆಹಾಲಿಗಿಂತ ಸೋಂಕಿನ ಅಪಾಯ ಹೆಚ್ಚು. ನೀರು ಚೊಕ್ಕಟವಿಲ್ಲದಿದ್ದರೆ ಭೇದಿ ಬೇರೆ. ಮಗುವಿಗೆ ಏನು ಕುಡಿಸಬೇಕೆಂಬುದನ್ನು ಆಸ್ಪತ್ರೆಯ ಆಪ್ತಸಮಾಲೋಚಕರಿಗೇ ಬಿಡಿ. ಮಗುವಿನ ಪರೀಕ್ಷೆಯ ದಿನ ಜೊತೆಗೆ ಹೋಗುವುದು ನಿಮ್ಮ ಕೆಲಸ. ಮೊದಲನೆಯದು 6 ವಾರದ ಹೊತ್ತಿಗೆ ಬರುತ್ತದೆ. ಎದೆಹಾಲು ಬಿಡಿಸಿದ ಮೇಲಿನ ಕೊನೆಯ ಪರೀಕ್ಷೆ ಮುಗಿಯುವವರೆಗೆ ಮಗುವಿಗೆ ಸೋಂಕಿಲ್ಲ ಎಂದು ನಿರಾಳವಾಗುವಂತಿಲ್ಲ. ಜನ ಹೆಚ್ಚಾಗಿ ತಪ್ಪಿಸುವುದೂ ಇದನ್ನೇ.

ಸೋಂಕಿರುವ ಮಗುವಿಗೆ ವಿಷಯವನ್ನು ಒಂದೇ ದಿನ ಹೇಳಿ ಮುಗಿಸುವುದಲ್ಲ. 6ರಿಂದ 12 ವರ್ಷದೊಳಗೆ, ವಯಸ್ಸಿಗೆ ತಕ್ಕಂತೆ, ತಂದೆತಾಯಿಯೇ ಸಮಾಲೋಚಕರ ನೆರವಿನಿಂದ ಸ್ವಲ್ಪ ಸ್ವಲ್ಪವಾಗಿ ಹೇಳಬೇಕು. ಸಂಡೇ ಸ್ಕೂಲ್ ಟೀಚರ್ ಬಾಯಿಂದ ಅದು ಜಾರಬಾರದು. ಯುವಕರ ಕ್ಯಾಂಪ್ ಇದ್ದರೆ "ದಿನವೂ ತೆಗೆದುಕೊಳ್ಳುವ ಔಷಧಿ ಇದೆಯೇ?" ಎಂಬ ಅರ್ಜಿಯನ್ನು ಎಲ್ಲ ಮಕ್ಕಳಿಂದಲೂ ಮುಚ್ಚಿದ ಲಕೋಟೆಯಲ್ಲಿ ಪಡೆಯಿರಿ, ಕಾಯಿಲೆಯ ಹೆಸರಿಗೆ ಜಾಗವನ್ನೇ ಬಿಡಬೇಡಿ. ಅಸ್ತಮಾ ಇರುವವನೂ ಫಿಟ್ಸ್ ಮಾತ್ರೆಯವಳೂ ಒಂದೇ ಹೊತ್ತಿಗೆ ಒಂದೇ ಕೋಣೆಗೆ ಹೋಗಿ ಬಂದರೆ ಯಾರೂ ತಿರುಗಿ ನೋಡುವುದಿಲ್ಲ.

ಮದುವೆಗೆ ಮುಂಚೆ ಎಚ್‌ಐವಿ ಪರೀಕ್ಷೆ ಕಡ್ಡಾಯ ಮಾಡುವ ಸಭೆಗಳಿವೆ. ನಮಗೆ ಇದು ಒಪ್ಪಿಗೆಯಿಲ್ಲ. ಸೋಂಕು ತಗಲಿ 3 ತಿಂಗಳು ತುಂಬುವ ಮೊದಲು ಪರೀಕ್ಷೆ ತಪ್ಪು ಹೇಳಬಹುದು. ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳಿ, ಒಟ್ಟಿಗೆ ಹೋಗಲು ಪ್ರೋತ್ಸಾಹಿಸಿ. ಆದರೆ ಫಲಿತಾಂಶ ಆ ಇಬ್ಬರದು, ಸಭೆಯ ಕಡತದ್ದಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಗುಟ್ಟು ಹೊರಬಿದ್ದರೆ, ಬೇರೆಯವರಿಂದ ತಿಳಿಯುವ ಮೊದಲು ಅದೇ ದಿನ ನೀವೇ ಹೋಗಿ ಆ ಕುಟುಂಬಕ್ಕೆ ಹೇಳಿ. ಯಾರು ಬಾಯಿಬಿಟ್ಟರೆಂದು ಸಭೆಯೆದುರು ಪಂಚಾಯಿತಿ ಮಾಡಿದರೆ ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ. ಭೇಟಿಗೆ ಬರುವವರು ಬದಲಾಗಬೇಕೇ, ಬೇರೆ ಚಿಕಿತ್ಸಾ ಕೇಂದ್ರಕ್ಕೆ ವರ್ಗ ಬೇಕೇ ಎಂದು ಅವರನ್ನೇ ಕೇಳಿ. ಹೊರಡುವ ಮೊದಲು ಮುಂದಿನ ಮಾತ್ರೆ ತರುವ ದಿನ ಯಾವತ್ತು ಎಂದು ತಿಳಿದುಕೊಳ್ಳಿ. ನಾಚಿಕೆಯಿಂದ ಮೊದಲು ತಪ್ಪುವುದು ಆ ಓಡಾಟವೇ.