ಮೊದಲು ಮೆಟ್ರೋ ನಕ್ಷೆ, ಆಮೇಲೆ ಬಾಡಿಗೆ ಮನೆ

ಬೆಂಗಳೂರಿನಲ್ಲಿ ಮನೆ ಹುಡುಕುವವರು ಮೊದಲು ಬಾಡಿಗೆ, ಅಡ್ವಾನ್ಸ್, ನೀರಿನ ವಿಷಯ ಕೇಳುತ್ತಾರೆ. ನಾನು ಮೊದಲು ನೋಡಿದ್ದು ಮೆಟ್ರೋ ನೇರಳೆ ಮಾರ್ಗ. ಆಫೀಸು ವೈಟ್‌ಫೀಲ್ಡ್, ಮನೆ ಕೆಂಗೇರಿ. "ಊರಿನ ಆ ತುದಿಯಿಂದ ಈ ತುದಿಗಾ?" ಅಂತ ಎಲ್ಲರೂ ನಗುತ್ತಾರೆ. ನಗಲಿ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ, ಕೆ.ಆರ್.ಪುರ ನಡುವಿನ ತುಂಡು ಸೇರಿಕೊಂಡ ಮೇಲೆ ಎಲ್ಲೂ ಇಳಿಯದೆ ಒಂದೇ ರೈಲಿನಲ್ಲಿ ಹೋಗಬಹುದು, ಟಿನ್ ಫ್ಯಾಕ್ಟರಿ ಜಂಕ್ಷನ್‌ನ ಟ್ರಾಫಿಕ್ ಜಾಮ್ ಕೆಳಗೆ ರಸ್ತೆಯಲ್ಲೇ ಉಳಿಯುತ್ತದೆ. ಕೆಂಗೇರಿಗಿಂತ ಹಿಂದೆ ಇರುವುದು ಚಲ್ಲಘಟ್ಟ ಸ್ಟೇಷನ್ ಒಂದೇ, ಅಷ್ಟೇ. ಹಾಗಾಗಿ ಬೆಳಗ್ಗೆ ಸೀಟು ಸಿಗುತ್ತದೆ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದಿಂದ ಓಡಿ ಬಂದವರು ಒಳಗೆ ನುಗ್ಗುವಾಗ ತೊಡೆ ಮೇಲೆ ಬ್ಯಾಗು ಇಟ್ಟುಕೊಂಡು ಸುಮ್ನೆ ಕೂತಿರುವ ಸುಖವೇ ಬೇರೆ, ಅಲ್ವಾ?

ಬ್ರೋಕರ್ ಹೇಳುವ "ಮೆಟ್ರೋಗೆ ಐದೇ ನಿಮಿಷ" ಸ್ಕೂಟರ್ ಲೆಕ್ಕ. ನೀವೇ ನಡೆದು ನೋಡಿ, ಅದೂ ಮಳೆ ಬಿದ್ದ ಸಂಜೆ, ಫುಟ್‌ಪಾತ್ ಕಲ್ಲು ಎದ್ದಿರುವ ಕಡೆ ಚಪ್ಪಲಿ ಹಾಕಿಕೊಂಡು. ಟಿಕೆಟ್ ಖರ್ಚನ್ನೂ ಬಾಡಿಗೆ ಜೊತೆಗೇ ಕೂಡಿಸಿ. 2025ರ ಫೆಬ್ರವರಿಯಲ್ಲಿ ದರ ಏರಿ ಗರಿಷ್ಠ ಟಿಕೆಟ್ 90 ರೂಪಾಯಿ ಆಯಿತು, ಸ್ಮಾರ್ಟ್ ಕಾರ್ಡ್ ಇದ್ದರೆ ಸ್ವಲ್ಪ ಕಮ್ಮಿ. ಅಷ್ಟಾದರೂ ನನಗೆ ವೈಟ್‌ಫೀಲ್ಡ್ ಬಾಡಿಗೆಗಿಂತ ಇದೇ ಅಗ್ಗ.